ಕೋಳಿಯ ಕರುಳಿನ ಕಾವಲು

ಪುನರ್ವಸು ಮಳೆ ಹಿಡಿಯಿತೆಂದರೆ ಹಿತ್ತಲಲ್ಲಿ ಕೋಳಿ ಸಾಕಿರುವ ಸದಸ್ಯರದು ಒಂದೇ ದೂರು: ಮೂರು ನಾಲ್ಕು ವಾರದ ಮರಿಗಳು ರಕ್ತಭೇದಿಯಿಂದ ಸಾಯುತ್ತಿವೆ. ಯಾವ ಔಷಧಿ ಎಂದು ಕೇಳುವ ಮೊದಲು, ಕರುಳು ತನ್ನನ್ನು ತಾನು ಹೇಗೆ ಕಾಯ್ದುಕೊಳ್ಳುತ್ತದೆಂದು ತಿಳಿಯುವುದು ಮೇಲು.

ಕರುಳು ಬರಿಯ ಕೊಳವೆಯಲ್ಲ. ಅದರ ಗೋಡೆಯೊಳಗೆ ಅದರದೇ ನರಜಾಲವಿದೆ. ನರಕೋಶಗಳ ಸುತ್ತ ಪೋಷಕ ಕೋಶಗಳಿವೆ. ಇವಕ್ಕೆ ಗ್ಲಿಯಾ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಈ ಮಾತಿಗೆ ಅಂಟು ಎಂದರ್ಥ. ಮೆಣಸಿನ ಬಳ್ಳಿಗೆ ಹಾಲುವಾಣದಂತೆ ಇವು ನರಗಳಿಗೆ ಆಸರೆ ಮಾತ್ರವೆಂದು ಬಹುಕಾಲ ತಿಳಿಯಲಾಗಿತ್ತು. ಆದರೆ ಹಾಲುವಾಣ ಬಳ್ಳಿಯನ್ನು ಹೊರುವುದಷ್ಟೇ ಅಲ್ಲ, ನೆರಳು ಕೊಟ್ಟು, ಸೊಪ್ಪು ಉದುರಿಸಿ ನೆಲವನ್ನೂ ಸಾಕುತ್ತದೆ. ಗ್ಲಿಯಾ ಕೋಶಗಳದೂ ಹೀಗೆಯೇ.

ಇವುಗಳ ಮೂಲ ತಿಳಿದದ್ದು ಕೋಳಿಮೊಟ್ಟೆಯಿಂದಲೇ. 1973ರಲ್ಲಿ ಫ್ರಾನ್ಸಿನ ನಿಕೋಲ್ ಲ ದುವಾರಿನ್ ಮತ್ತು ತೆಯ್ಯೆ ಅವರು ಕೋಳಿಭ್ರೂಣದಲ್ಲಿ ಕ್ವೇಲ್ ಹಕ್ಕಿಯ ಅಂಗಾಂಶವನ್ನು ಕಸಿಮಾಡಿ, ಕರುಳಿನ ನರಕೋಶ, ಪೋಷಕ ಕೋಶಗಳೆರಡೂ ಬಹುಪಾಲು ಭ್ರೂಣದ ಕತ್ತಿನ ಭಾಗದಿಂದ ವಲಸೆ ಬರುತ್ತವೆಂದು ತೋರಿಸಿದರು. 21 ದಿನದ ಕಾವಿನಲ್ಲಿ ಸುಮಾರು ಎಂಟನೆಯ ದಿನಕ್ಕೆ ಅವು ಕರುಳಿನ ತುದಿ ಮುಟ್ಟಿರುತ್ತವೆ.

1998ರಲ್ಲಿ ಇಲಿಗಳ ಕರುಳಿನ ಗ್ಲಿಯಾ ಕೋಶಗಳನ್ನು ನಾಶಪಡಿಸಿ ನೋಡಿದಾಗ ಸಣ್ಣ ಕರುಳು ಉರಿಯೂತದಿಂದ ರಕ್ತ ಸುರಿಸಿ ಇಲಿಗಳು ಸತ್ತವು. 2016ರಲ್ಲಿ ಲಿಸ್ಬನ್ನಿನ ಸಂಶೋಧಕರು, ಮತ್ತೆ ಇಲಿಗಳಲ್ಲೇ, ಗ್ಲಿಯಾ ಕೋಶಗಳು ಸೂಕ್ಷ್ಮಜೀವಿಗಳ ಸುಳಿವು ಹಿಡಿದು ಪಕ್ಕದ ರೋಗನಿರೋಧಕ ಕೋಶಗಳಿಗೆ ಸೂಚನೆ ಕೊಡುವುದನ್ನು ಕಂಡರು. ಆ ಕೋಶಗಳು ಸ್ರವಿಸುವ ವಸ್ತುವಿನಿಂದ ಕರುಳಿನ ಒಳಪೊರೆ ರಿಪೇರಿಯಾಗುತ್ತದೆ. ಇಲಿಯ ಲೆಕ್ಕವನ್ನು ಹಾಗೆಯೇ ಕೋಳಿಗೆ ಹಚ್ಚಬಾರದು. ಆದರೆ ಕಾವಲು ಕರುಳಿನೊಳಗೇ ಇದೆಯೆಂಬ ಪಾಠ ನಮಗೂ ಸಲ್ಲುತ್ತದೆ.

ರಕ್ತಭೇದಿ ತರುವ ಕಾಕ್ಸಿಡಿಯಾ ಜೀವಿ ಈ ಒಳಪೊರೆಯನ್ನೇ ಒಡೆಯುತ್ತದೆ. ಹಿಕ್ಕೆಯಲ್ಲಿ ಬಿದ್ದ ಅದರ ತತ್ತಿ ಒದ್ದೆ ಹಾಸಿನಲ್ಲಿ ಒಂದೆರಡು ದಿನಕ್ಕೇ ರೋಗ ತಗಲಿಸುವ ಹದಕ್ಕೆ ಬರುತ್ತದೆ. ಅಲ್ಪವಾಗಿ ಹೊಟ್ಟೆ ಸೇರಿದರೆ ಮರಿ ನಿರೋಧಶಕ್ತಿ ಬೆಳೆಸಿಕೊಳ್ಳುತ್ತದೆ. ರಾಶಿಯಾಗಿ ಸೇರಿದರೆ ಸೋಲುತ್ತದೆ. ಆ ರಾಶಿಯನ್ನು ತಗ್ಗಿಸುವುದೇ ನಮ್ಮ ಪಾಲಿನ ಕೆಲಸ.

ಆದ್ದರಿಂದ ಸದಸ್ಯರು ಗಮನಿಸಬೇಕಾದದ್ದು:

1. ಭತ್ತದ ಹೊಟ್ಟಿನ ಹಾಸನ್ನು ಆಗಾಗ ಕೆದಕಿ ಒಣಗಿಸಿ; ಒದ್ದೆಯಾದದ್ದನ್ನು ಅಂದೇ ತೆಗೆದುಹಾಕಿ.

2. ನೀರಿನ ಪಾತ್ರೆ ಚೆಲ್ಲದಂತೆ, ಹಿಕ್ಕೆ ಬೀಳದಂತೆ ಎತ್ತರದಲ್ಲಿಡಿ.

3. ಮರಿಗಳನ್ನು ದೊಡ್ಡ ಕೋಳಿಗಳಿಂದ ಬೇರೆಯಿಡಿ, ಗೂಡಿನಲ್ಲಿ ಕಿಕ್ಕಿರಿಸಬೇಡಿ.

4. ಪಶುವೈದ್ಯರನ್ನು ಕೇಳದೆ ಪ್ರತಿಜೀವಕ ಔಷಧಿ ಕೊಡಬೇಡಿ. ಕರುಳಿಗೆ ಬೇಕಾದ ಸೂಕ್ಷ್ಮಜೀವಿಗಳೂ ಅದರಿಂದ ಸಾಯುತ್ತವೆ.

ಹಿಕ್ಕೆಯಲ್ಲಿ ರಕ್ತ ಕಂಡರೆ ತಡಮಾಡದೆ ಅದರ ಮಾದರಿಯನ್ನು ಪಶು ಆಸ್ಪತ್ರೆಗೆ ಒಯ್ಯಿರಿ. ನಾವು ಹೊರಗಿನಿಂದ ಕೊಡುವ ಮದ್ದು ಒಳಗಿನ ಕಾವಲಿಗೆ ಊರುಗೋಲಾಗಬಲ್ಲದು, ಅದರ ಬದಲಿಯಾಗಲಾರದು.