ಕಾವಲಿನ ಹುಲ್ಲಿಗೆ ಬೇಕಾದ ಬಿಡುವು

ಹುಲ್ಲುಗಾವಲು ಹಾಳಾಗುವುದಕ್ಕೆ ದನಗಳ ಸಂಖ್ಯೆಗಿಂತಲೂ, ಒಮ್ಮೆ ಮೇಯ್ದ ಹುಲ್ಲು ಚಿಗುರಿ ಬೇರಿಗೆ ಬಲ ತುಂಬಿಕೊಳ್ಳುವ ಮೊದಲೇ ದನಗಳನ್ನು ಅದೇ ಜಾಗಕ್ಕೆ ಮತ್ತೆ ಹೊಡೆಯುವ ಅವಸರವೇ ಹೆಚ್ಚು ಕಾರಣವೆಂಬುದು, ಚಿತ್ರದುರ್ಗ, ತುಮಕೂರು, ಚಿಕ್ಕಮಗಳೂರು ಜಿಲ್ಲೆಗಳ ಕಾವಲುಗಳ ಅಂಚಿನಲ್ಲಿ ಹಾಲಿಗಾಗಿ ಹಸು ಸಾಕಿದವರು ವರ್ಷಗಟ್ಟಲೆ ಮೇಯಿಸಿ ಕಲಿತ ಪಾಠ. ದನಗಳ ಮೇವಿಗೆಂದೇ ಕಾಯ್ದಿರಿಸಿದ ಈ ಹುಲ್ಲುನೆಲಗಳ ವ್ಯವಸ್ಥೆಯಲ್ಲಿಯೇ ಆ ಪಾಠ ಅಡಗಿತ್ತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಗೆ ಹಾಲು, ಬೆಣ್ಣೆ ಒದಗಿಸುತ್ತಿದ್ದ ‘ಬೆಣ್ಣೆ ಚಾವಡಿ’ ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿ ಅಮೃತಮಹಲ್ ಎಂಬ ಹೆಸರು ಪಡೆಯಿತು. ಅದರ ಕಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿ ಹಿಂಡುಗಳನ್ನು ಋತುವಿಗೆ ತಕ್ಕಂತೆ ಸಾಗಿಸುತ್ತಿದ್ದುದರಿಂದ, ಹಿಂಡು ಒಂದೆಡೆ ಇರುವಾಗ ಉಳಿದೆಡೆ ಹುಲ್ಲಿಗೆ ಬಿಡುವು ಸಿಗುತ್ತಿತ್ತು. ಫ್ರಾನ್ಸಿನ ನಾರ್ಮಂಡಿಯಲ್ಲಿ ಹಸು ಮೇಯಿಸುತ್ತಿದ್ದ ವಿಜ್ಞಾನಿ ಆಂದ್ರೆ ವಾಜಾನ್ 1957ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದ್ದೂ ಇದನ್ನೇ: ಮೇಯಿಸುವಲ್ಲಿ ದನಗಳ ಎಣಿಕೆಗಿಂತ ಕಾಲದ ಲೆಕ್ಕ ಮುಖ್ಯ.

ಬಿಡುವು ತಪ್ಪಿದ ಕಾವಲಿನಲ್ಲಿ ಮೊದಲು ಕಾಣೆಯಾಗುವುದು ದನಗಳು ಇಷ್ಟಪಟ್ಟು ಮೇಯುವ, ವರ್ಷವರ್ಷವೂ ಅದೇ ಬುಡದಿಂದ ಚಿಗುರುವ ಹುಲ್ಲುಗಳು. ಬುಡದವರೆಗೂ ಕಚ್ಚಿಸಿಕೊಂಡ ಹುಲ್ಲಿನ ಬೇರು ಮೊಟಕಾಗಿ, ಮುಂದಿನ ಮಳೆಯ ನೀರು ಇಂಗದೆ ಹರಿದುಹೋಗಿ, ತೆರವಾದ ಜಾಗದಲ್ಲಿ ಪಾರ್ಥೇನಿಯಂ, ಬಳ್ಳಾರಿ ಜಾಲಿ ನೆಲೆಯೂರುತ್ತವೆ. ಹುಲ್ಲಿನ ಮರೆಯಲ್ಲಿ ನೆಲದ ಮೇಲೆಯೇ ಮೊಟ್ಟೆಯಿಡುವ ಹಕ್ಕಿಗಳಿಗೂ ಆಗ ಆಸರೆ ತಪ್ಪುತ್ತದೆ. ಹಾಗೆಂದು ದನಗಳನ್ನು ಪೂರ್ತಿ ಹೊರಗಿಡುವುದೂ ಪರಿಹಾರವಲ್ಲ, ಏಕೆಂದರೆ ಮೇಯದೆ ಬಿಟ್ಟ ಹುಲ್ಲು ಒಣಗಿ ಒತ್ತೊತ್ತಾಗಿ ನಿಂತು ಹೊಸ ಚಿಗುರಿಗೆ ಬೆಳಕು ತಡೆಯುತ್ತದೆ.

ಹುಲ್ಲಿಗೆ ದನಗಳು ಬೇಕೆನ್ನುವುದಕ್ಕೆ ಅವುಗಳ ಸಗಣಿಯೂ ಒಂದು ಕಾರಣ. ಮೊದಲ ಮಳೆಯ ನಂತರ ಕಾವಲಿನಲ್ಲಿ ಬಿದ್ದ ಸಗಣಿಯನ್ನು ಬಗ್ಗಿ ನೋಡಿದರೆ, ಸ್ವಲ್ಪ ಹೊತ್ತಿನಲ್ಲೇ ಸಗಣಿ ಹುಳುಗಳು ಅದನ್ನು ತೂತು ಮಾಡಿ, ಉಂಡೆ ಕಟ್ಟಿ, ಹಿಂಗಾಲಿನಿಂದ ಉರುಳಿಸಿಕೊಂಡು ಹೋಗಿ ಮಣ್ಣಿನಡಿ ಹೂಳುವುದು ಕಾಣುತ್ತದೆ. ಗೊಬ್ಬರ ಬೇರಿಗೆ ತಲುಪುವುದೂ, ಮಣ್ಣು ಸಡಿಲಗೊಂಡು ನೀರು ಇಂಗುವುದೂ, ನೊಣಗಳು ತಗ್ಗುವುದೂ ಈ ಕೆಲಸದಿಂದಲೇ. ಆದರೆ ಹೊಟ್ಟೆಹುಳು, ಉಣ್ಣೆಗಳಿಗೆ ಕೊಡುವ ಐವರ್‌ಮೆಕ್ಟಿನ್ ಎಂಬ ಔಷಧ ಸಗಣಿಯಲ್ಲಿ ಹಲವು ದಿನ ಉಳಿದು ಈ ಹುಳುಗಳ ಮರಿಗಳನ್ನು ಕೊಲ್ಲುತ್ತದೆ. ಆದ್ದರಿಂದ ಸಗಣಿ ಪರೀಕ್ಷೆ ಮಾಡಿಸಿ, ಅಗತ್ಯವಿದ್ದ ಹಸುವಿಗೆ ಮಾತ್ರ ಪಶುವೈದ್ಯರ ಸಲಹೆಯಂತೆ ಔಷಧ ಕೊಟ್ಟು, ಸಗಣಿಯಲ್ಲಿ ಔಷಧದ ಅಂಶ ಇರುವಷ್ಟು ದಿನ ಆ ಹಸುವನ್ನು ಕೊಟ್ಟಿಗೆಯಲ್ಲೇ ಕಟ್ಟಿ ಮೇಯಿಸುವುದು ಹೆಚ್ಚು ಖರ್ಚಿಲ್ಲದ, ಹೆಚ್ಚು ಫಲ ಕೊಡುವ ಕ್ರಮ.

ಹುಲ್ಲುನೆಲವನ್ನು ಬೀಳುಭೂಮಿಯೆಂದು ಬಗೆದು ನೀಲಗಿರಿ, ಅಕೇಶಿಯ ನೆಟ್ಟಿದ್ದು ಮೇವಿಗೂ ವನ್ಯಜೀವಿಗಳಿಗೂ ಒಟ್ಟಿಗೇ ಬಿದ್ದ ಪೆಟ್ಟು, ಏಕೆಂದರೆ ಕೃಷ್ಣಮೃಗಕ್ಕೆ ಬೇಕಾದದ್ದು ಮರಗಳ ನೆರಳಲ್ಲ, ದೂರದವರೆಗೆ ಕಣ್ಣು ಹಾಯುವ ಬಯಲು. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದು ಈ ಬಯಲಿಗೂ ಬೆಲೆಯಿದೆಯೆಂದು ಒಪ್ಪಿಕೊಂಡ ಒಳ್ಳೆಯ ನಡೆ.

ಆದರೆ ಘೋಷಣೆಯೊಂದೇ ಸಾಲದು. ಹಳ್ಳಿಯ ಹಾಲು ಉತ್ಪಾದಕರ ಸಂಘಗಳು, ಕುರಿಗಾಹಿಗಳನ್ನೂ ಜೊತೆಗೆ ಕೂರಿಸಿಕೊಂಡು, ಗೋಮಾಳದ ಒಂದು ಭಾಗವನ್ನು ಪ್ರತಿ ಮುಂಗಾರಿನಲ್ಲಿ ಸರದಿಯಂತೆ, ಹುಲ್ಲು ಬೀಜ ಉದುರಿಸುವವರೆಗೆ ಮುಚ್ಚಿಡುವ ಕಟ್ಟುಪಾಡನ್ನು ಈ ವರ್ಷವೇ ಮಾಡಿಕೊಳ್ಳಬೇಕು.