ಹ್ಯಾಮ್ ರೇಡಿಯೋ: ಎರಡನೆಯ ಮೆಟ್ಟಿಲು

ಲಾಭದ ಅಪೇಕ್ಷೆಯಿಲ್ಲದೆ, ವಿದ್ಯೆಯ ಮೇಲಣ ಪ್ರೀತಿಯಿಂದ ತನ್ನದೇ ಪ್ರೇಷಕಯಂತ್ರವನ್ನು ಇಟ್ಟುಕೊಂಡು ದೂರದವರೊಡನೆ ಸಂಭಾಷಿಸುವ ಹವ್ಯಾಸವೇ ಹ್ಯಾಮ್ ರೇಡಿಯೋ. ಇದಕ್ಕೆ ಕೇಂದ್ರ ಸರಕಾರದ ಪರವಾನಗಿ ಬೇಕು. ಪರವಾನಗಿಗೆ ಮುನ್ನ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. 1978ರ ನಿಯಮಾವಳಿಯ ಹಾಗೂ ಅದರ ತಿದ್ದುಪಡಿಗಳ ಮೇರೆಗೆ 12 ವರ್ಷ ತುಂಬಿದ ವಿದ್ಯಾರ್ಥಿಗೂ ಈ ಬಾಗಿಲು ತೆರೆದಿದೆ.

ಪರವಾನಗಿಯಲ್ಲಿ ಎರಡು ಶ್ರೇಣಿಗಳು. ಮೊದಲನೆಯದು ನಿರ್ಬಂಧಿತ ಶ್ರೇಣಿ. ಇದನ್ನು ಪಡೆದವರ ಕರೆಸಂಕೇತವು ಸಾಮಾನ್ಯವಾಗಿ ವಿಯು3 ಎಂದು ಆರಂಭವಾಗುತ್ತದೆ. ಎರಡನೆಯದು ಜನರಲ್ ಶ್ರೇಣಿ. ಅದರ ಗುರುತು ವಿಯು2. ಎರಡಕ್ಕೂ ರೇಡಿಯೋ ಶಾಸ್ತ್ರ ಮತ್ತು ನಿಯಮಗಳ ಲಿಖಿತ ಪರೀಕ್ಷೆಯುಂಟು. ಮೇಲಿನ ಶ್ರೇಣಿಗೆ ಹೆಚ್ಚಿನ ಅಂಕಗಳ ಜೊತೆಗೆ, ನಿಮಿಷಕ್ಕೆ 8 ಪದಗಳ ವೇಗದಲ್ಲಿ ಮೋರ್ಸ್ ಸಂಕೇತವನ್ನು ಕಳುಹಿಸುವ ಮತ್ತು ಗ್ರಹಿಸುವ ಪರೀಕ್ಷೆಯೂ ಸೇರಿದೆ. 2003ರ ಜಿನೀವಾ ವಿಶ್ವಸಮ್ಮೇಳನವು ಮೋರ್ಸ್ ಪರೀಕ್ಷೆಯನ್ನು ಆಯಾ ದೇಶಗಳ ಇಚ್ಛೆಗೆ ಬಿಟ್ಟ ಮೇಲೂ ನಮ್ಮ ದೇಶವು ಜನರಲ್ ಶ್ರೇಣಿಗೆ ಅದನ್ನು ಉಳಿಸಿಕೊಂಡಿತು. ಮೋರ್ಸ್ ಎಂದೊಡನೆ ಅಂಜಿ ಮೊದಲ ಮೆಟ್ಟಿಲಿನಲ್ಲಿಯೇ ನಿಲ್ಲುವವರುಂಟು.

ಮೇಲಿನ ಶ್ರೇಣಿಯಿಂದ ದೊರೆಯುವ ಲಾಭವೇನೆಂದು ಕೇಳಿದರೆ, ಹೆಚ್ಚಿನ ವ್ಯಾಟ್ ಎಂಬ ಉತ್ತರ ಬರುತ್ತದೆ. ಲೆಕ್ಕ ಹಾಕಿ ನೋಡೋಣ. ಹ್ರಸ್ವತರಂಗಗಳಲ್ಲಿ ಮೊದಲ ಶ್ರೇಣಿಗೆ 50 ವ್ಯಾಟ್, ಮೇಲಿನ ಶ್ರೇಣಿಗೆ 400 ವ್ಯಾಟ್ ಮಿತಿಯೆಂದು ಇಟ್ಟುಕೊಂಡರೆ ಶಕ್ತಿ ಎಂಟುಪಟ್ಟಾಯಿತು. ಅಂದರೆ 9 ಡೆಸಿಬೆಲ್. ಗ್ರಾಹಕಯಂತ್ರದ ಮಾಪಕದಲ್ಲಿ ಒಂದು ಅಂಕವೆಂದರೆ 6 ಡೆಸಿಬೆಲ್. ಆದಕಾರಣ ಎಂಟುಪಟ್ಟು ಶಕ್ತಿಗೆ ಸಿಗುವುದು ಒಂದೂವರೆ ಅಂಕ ಮಾತ್ರ.

ಈಗ ಮೋರ್ಸಿನ ಕಡೆ ನೋಡೋಣ. ಮಾತಿಗೆ ಸುಮಾರು 2400 ಹರ್ಟ್ಸ್ ಅಗಲದ ಪಟ್ಟಿ ಬೇಕು. ಮೋರ್ಸಿಗೆ 300 ಹರ್ಟ್ಸ್ ಸಾಕು. ಕಿಂಡಿ ಎಂಟನೆಯ ಒಂದು ಪಾಲಿಗೆ ಕಿರಿದಾದಾಗ ಒಳನುಗ್ಗುವ ಗದ್ದಲವೂ ಅಷ್ಟೇ ಕಿರಿದಾಗುತ್ತದೆ. ಇದೂ 9 ಡೆಸಿಬೆಲ್! 400 ವ್ಯಾಟ್ ಕೊಡುವ ಲಾಭವನ್ನು ಕೇವಲ ಕಿವಿಯ ಅಭ್ಯಾಸ ಕೊಡುತ್ತದೆ. 12 ವೋಲ್ಟ್ ಬ್ಯಾಟರಿಯಿಂದ 400 ವ್ಯಾಟ್ ಹೊರಡಿಸಬೇಕಾದರೆ, ನಷ್ಟವನ್ನು ಬಿಟ್ಟರೂ, 33 ಆಂಪಿಯರ್ ಹರಿಯಬೇಕು; ಐದು ವ್ಯಾಟಿನ ಮೋರ್ಸ್ ಯಂತ್ರಕ್ಕೆ ಒಂದೆರಡು ಆಂಪಿಯರ್ ಧಾರಾಳವಾಯಿತು.

ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಈ ಲೆಕ್ಕಕ್ಕೆ ವಿಶೇಷ ಬೆಲೆಯಿದೆ. ಇಲ್ಲಿ ಗುಡ್ಡಕ್ಕೊಂದು ಗುಡ್ಡ ಅಡ್ಡ. ಕೈಯಲ್ಲಿ ಹಿಡಿಯುವ ವಿ.ಎಚ್.ಎಫ್. ಯಂತ್ರದ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಸಾಗುವುದರಿಂದ ಪಯಸ್ವಿನಿಯ ಕಣಿವೆಯ ಕರೆ ಕುಮಾರಧಾರೆಯ ಕಣಿವೆಗೆ ಮುಟ್ಟುವ ಭರವಸೆಯಿಲ್ಲ. 2018ರ ಆಗಸ್ಟ್‌ನಲ್ಲಿ ಸಂಪಾಜೆಯ ಆಚೆ ಜೋಡುಪಾಲದ ಬಳಿ ಗುಡ್ಡ ಕುಸಿದು ಮಡಿಕೇರಿಯ ಹೆದ್ದಾರಿ ಮುಚ್ಚಿದ್ದನ್ನು ನಾವು ಮರೆತಿಲ್ಲ. ಮಳೆಗಾಲದಲ್ಲಿ ವಿದ್ಯುತ್ತು ನಿಂತರೆ ಮೊಬೈಲ್ ಗೋಪುರವೂ ಬಹುಕಾಲ ಉಸಿರಾಡದು. 2004ರ ಡಿಸೆಂಬರ್ 26ರ ಸುನಾಮಿಯ ನಂತರ ಪೋರ್ಟ್ ಬ್ಲೇರ್‌ನಿಂದ ಸುದ್ದಿಯನ್ನು ಹೊರಜಗತ್ತಿಗೆ ಮುಟ್ಟಿಸಿದವರಲ್ಲಿ, ಆಗ ಅಲ್ಲಿ ಹ್ಯಾಮ್ ನಿಲಯ ನಡೆಸುತ್ತಿದ್ದ ಭಾರತಿ ಪ್ರಸಾದ್ ಅವರೂ ಒಬ್ಬರು.

ಗುಡ್ಡವನ್ನು ದಾಟಲು ಉಪಾಯವೆಂದರೆ ಅಲೆಯನ್ನು ನೆತ್ತಿಯ ಮೇಲಕ್ಕೆ ಕಳುಹಿಸುವುದು. ಸುಮಾರು 7 ಮೆಗಾಹರ್ಟ್ಸ್‌ನ ಅಲೆ ಹಗಲಿನಲ್ಲಿ ಅಯಾನುಗೋಲಕ್ಕೆ ತಾಗಿ ಸುತ್ತಲಿನ ಊರುಗಳ ಮೇಲೆ ಮಳೆಯಂತೆ ಇಳಿಯುತ್ತದೆ, ರಾತ್ರಿ 3.5 ಮೆಗಾಹರ್ಟ್ಸ್ ಮೇಲು. 7.1 ಮೆಗಾಹರ್ಟ್ಸ್‌ಗೆ ಒಟ್ಟು 20 ಮೀಟರ್ ತಾಮ್ರದ ತಂತಿಯನ್ನು ನಡುವೆ ಇಬ್ಭಾಗ ಮಾಡಿ, ಎರಡು ತುದಿಗಳನ್ನೂ ನೈಲಾನ್ ಹಗ್ಗದಿಂದ ಅಡಿಕೆಮರಗಳಿಗೆ ಐದಾರು ಮೀಟರ್ ಎತ್ತರದಲ್ಲಿ ಬಿಗಿದರೆ ಆಂಟೆನಾ ಸಿದ್ಧ. ಇದು ವಿದ್ಯುತ್ ತಂತಿಗಳಿಂದ ದೂರವಿರಬೇಕು. ಗುಡುಗಿನ ಸೂಚನೆ ಕಂಡೊಡನೆ ಯಂತ್ರದಿಂದ ಬಿಡಿಸಬೇಕು.

ಇನ್ನು ಮೋರ್ಸ್ ಕಲಿಕೆ. ಇಲ್ಲಿ ಕನ್ನಡ ಪಂಡಿತರ ನೆರವನ್ನು ಕೋರುತ್ತೇನೆ. ಛಂದಸ್ಸಿನಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮೋರ್ಸಿನಲ್ಲಿ ಚುಕ್ಕಿಗೆ ಒಂದು ಕಾಲಾವಧಿ, ಗೆರೆಗೆ ಮೂರು. ಇಷ್ಟೇ ಭೇದ. ಮೂರು ಅಂಶಗಳುಳ್ಳ ಮೋರ್ಸ್ ಅಕ್ಷರಗಳು ಎಂಟು. ನಮ್ಮ ಅಕ್ಷರಗಣಗಳೂ ಎಂಟು. ಯಗಣ ಡಬ್ಲ್ಯು, ಮಗಣ ಓ, ತಗಣ ಜಿ, ರಗಣ ಕೆ, ಜಗಣ ಆರ್, ಭಗಣ ಡಿ, ನಗಣ ಎಸ್, ಸಗಣ ಯು. ಆಪತ್ಕಾಲದ ಕರೆಯಾದ ಎಸ್‌ಓಎಸ್ ಎಂದರೆ ನಗಣ, ಮಗಣ, ನಗಣ. ಗಣಸೂತ್ರವನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಗೆ 26 ಅಕ್ಷರಗಳಲ್ಲಿ ಎಂಟು ಆಗಲೇ ಬಂದಂತಾಯಿತು. ಆದರೆ ಪದ್ಯವನ್ನು ಹೇಗೋ ಹಾಗೆ ಇದನ್ನೂ ಕಿವಿಯಿಂದಲೇ ಕಲಿಯಬೇಕು. ಕಾಗದದ ಮೇಲಿನ ಚುಕ್ಕಿ-ಗೆರೆಗಳನ್ನು ಎಣಿಸಿ ಕಲಿತವರು ವೇಗ ಹೆಚ್ಚಿದಾಗ ತಡವರಿಸುತ್ತಾರೆ. ಐದು ಅಕ್ಷರಗಳಿಗೆ ಒಂದು ಪದವೆಂಬ ಲೆಕ್ಕದಲ್ಲಿ 8 ಪದಗಳೆಂದರೆ ನಿಮಿಷಕ್ಕೆ 40 ಅಕ್ಷರ. ಒಂದೊಂದಕ್ಕೆ ಒಂದೂವರೆ ಸೆಕೆಂಡು. ದಿನಕ್ಕೆ ಇಪ್ಪತ್ತು ನಿಮಿಷದಂತೆ ತಪ್ಪದೆ ಸಾಧನೆ ಮಾಡಿದರೆ ಇದು ಕೈಗೆಟುಕದ ಗುರಿಯಲ್ಲ.

ಶಾಲೆಯೊಂದು ಇದನ್ನು ಆರಂಭಿಸಲು ಬೇಕಾದದ್ದು ಸ್ವಲ್ಪವೇ: ಒಂದು ಮೋರ್ಸ್ ಕೀಲಿ, ಬ್ಯಾಟರಿಯಿಂದ ನಾದ ಹೊರಡಿಸುವ ಚಿಕ್ಕ ಮಂಡಲ, ಹ್ರಸ್ವತರಂಗದ ಒಂದು ಗ್ರಾಹಕಯಂತ್ರ, ವಾರಕ್ಕೆರಡು ಸಂಜೆ. ಅಭ್ಯಾಸದ ಮಂಡಲಕ್ಕೆ ಪರವಾನಗಿ ಬೇಡ. ಪ್ರೇಷಕಯಂತ್ರವನ್ನು ಮಾತ್ರ ಪರವಾನಗಿಯಿಲ್ಲದೆ ಮುಟ್ಟಲಾಗದು. ನಿಯಮಗಳು ಕಾಲಕಾಲಕ್ಕೆ ತಿದ್ದುಪಡಿಯಾಗುವುದರಿಂದ ಅರ್ಜಿ ಸಲ್ಲಿಸುವ ಮುನ್ನ ದೂರಸಂಪರ್ಕ ಇಲಾಖೆಯ ಇತ್ತೀಚಿನ ಪ್ರಕಟಣೆಯನ್ನು ನೋಡಿಕೊಳ್ಳತಕ್ಕದ್ದು. ವಿಜ್ಞಾನದ ಅಧ್ಯಾಪಕರೂ ಕನ್ನಡದ ಅಧ್ಯಾಪಕರೂ ಒಂದೇ ಮೇಜಿನ ಬಳಿ ಕುಳಿತು ಕಲಿಸಬಹುದಾದ ವಿದ್ಯೆ ಇದು. ಮುಂದಿನ ಮಳೆಗಾಲದೊಳಗೆ ನಮ್ಮ ಮೂರು ತಾಲೂಕುಗಳಲ್ಲಿ ಒಂದೊಂದಾದರೂ ಇಂಥ ಅಭ್ಯಾಸಕೂಟ ಹುಟ್ಟಲೆಂದು, ಅದಕ್ಕೆ ಹಿರಿಯ ವಿದ್ಯಾರ್ಥಿಗಳೂ ದಾನಿಗಳೂ ಒತ್ತಾಸೆಯಾಗಲೆಂದು ಹಾರೈಸುತ್ತೇನೆ.