ಸಾರತೆಯ ಏಕಮಾನ ಪರಿವರ್ತನೆ: ಮೋಲ್ ಮತ್ತು ಗ್ರಾಂ

1. ಮೋಲಾರಿಟಿ: 1 ಲೀಟರ್ ದ್ರಾವಣದಲ್ಲಿರುವ ದ್ರಾವ್ಯದ ಮೋಲ್‌ಗಳು.

2. ಮೂಲ ಸೂತ್ರ: ಗ್ರಾಂ/ಲೀಟರ್ = ಮೋಲಾರಿಟಿ × ಮೋಲಾರ್ ರಾಶಿ. ಹಿಮ್ಮುಖವಾಗಿ ಹೋಗುವಾಗ ಭಾಗಿಸಿ.

3. ಸಲೈನ್: 0.9% (ತೂಕ/ಗಾತ್ರ) ಸೋಡಿಯಂ ಕ್ಲೋರೈಡ್, ಅಂದರೆ 9 ಗ್ರಾಂ/ಲೀಟರ್. 9 ÷ 58.5 = 0.154 ಮೋಲ್/ಲೀಟರ್.

4. ರಕ್ತದ ಗ್ಲೂಕೋಸ್ (ಇದನ್ನು ಚೆನ್ನಾಗಿ ಅಭ್ಯಾಸ ಮಾಡಿ):
- ಭಾರತದಲ್ಲಿ ಮಿಲಿಗ್ರಾಂ/ಡೆಸಿಲೀಟರ್, ಬ್ರಿಟನ್ನಿನಲ್ಲಿ ಮಿಲಿಮೋಲ್/ಲೀಟರ್.
- ಮೋಲಾರ್ ರಾಶಿ 180; 1 ಲೀಟರ್ = 10 ಡೆಸಿಲೀಟರ್. ಆದ್ದರಿಂದ ಭಾಜಕ 18.
- ಬರಿಹೊಟ್ಟೆಯ ಮಧುಮೇಹ ಮಿತಿ 126 ÷ 18 = 7.0.
- 18 ಗ್ಲೂಕೋಸ್‌ಗೆ ಮಾತ್ರ. ಕೊಲೆಸ್ಟರಾಲ್‌ಗೆ 38.67, ಕ್ಯಾಲ್ಸಿಯಂಗೆ 4. ಅಂಶ ಬದಲಾದರೆ ಭಾಜಕವೂ ಬದಲು. ಹೆಚ್ಚಿನವರು ಎಡವುವುದು ಇಲ್ಲೇ.

5. ತೂಕದ ಶೇಕಡಾ ಕೊಟ್ಟಿದ್ದರೆ ಸಾಂದ್ರತೆ ಬೇಕೇ ಬೇಕು: ಮೋಲಾರಿಟಿ = 10 × ಶೇಕಡಾ × ಸಾಂದ್ರತೆ (ಗ್ರಾಂ/ಮಿ.ಲೀ.) ÷ ಮೋಲಾರ್ ರಾಶಿ.
ಉದಾ: 98% ಸಲ್ಫ್ಯೂರಿಕ್ ಆಮ್ಲ, ಸಾಂದ್ರತೆ 1.84, ಮೋಲಾರ್ ರಾಶಿ 98. ಉತ್ತರ 18.4.

6. ಗೊಂದಲ ಬೇಡ: ಮೋಲಾಲಿಟಿಯಲ್ಲಿ ಛೇದ 1 ಕಿ.ಗ್ರಾಂ ದ್ರಾವಕ, ದ್ರಾವಣವಲ್ಲ. ಉಷ್ಣತೆ ಬದಲಾದರೆ ಗಾತ್ರ ಬದಲಾಗುವುದರಿಂದ ಮೋಲಾರಿಟಿ ಬದಲಾಗುತ್ತದೆ, ಮೋಲಾಲಿಟಿ ಬದಲಾಗದು.

7. ಮೋಲ್‌ನ ಹೊಸ ವ್ಯಾಖ್ಯೆ ಜಾರಿ: 2019ರ ಮೇ 20. 1 ಮೋಲ್ = 6.02214076 × 10²³ ಕಣಗಳು.